ಗಡಿಯಾರದ ಅಂಗಡಿಯಲ್ಲಿ ಚಾಳೀಸು

ಹೊಸದಾಗಿ ಕನ್ನಡಕದ ಅಂಗಡಿ ಹಾಕಬೇಕೆನ್ನುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಮಷಿನ್ ಕೊಳ್ಳಬೇಕು, ಫ್ರೇಮು ಎಲ್ಲಿಂದ ತರಿಸಬೇಕು, ಕಪಾಟಿಗೆ ಎಂಥ ಲೈಟು ಹಾಕಿಸಬೇಕು ಎಂದು ಕೇಳುತ್ತಾರೆ. ಅದನ್ನೆಲ್ಲ ಹೇಳಿಕೊಡಲು ಕಂಪನಿಯ ಮಂದಿ ತಾವಾಗಿಯೇ ಬಾಗಿಲಿಗೆ ಬರುತ್ತಾರೆ, ಒಂದು ಕಪ್ ಚಹಾ ಕೊಟ್ಟರೆ ಸಾಕು. ನನಗೆ ಗೊತ್ತಿರುವುದು ಬೇರೆ. ನವಲಗುಂದದಂಥ ಊರಲ್ಲಿ ಜನ ಕನ್ನಡಕವನ್ನು ಯಾಕೆ ಬೇಡವೆನ್ನುತ್ತಾರೆ, ಬೇಡವೆಂದವರೇ ಮುಂದೆ ಯಾಕೆ ಕೇಳಿಕೊಂಡು ಬರುತ್ತಾರೆ ಎಂಬುದು. ಅದನ್ನು ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು ಎಂದು ಕುಳಿತಿದ್ದೇನೆ.

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು. ನಲವತ್ತು ದಾಟಿದವರ ಮೂಗಿಗೆ ಬರುವ ಸಾಮಾನು ಎಂದು ಹೆಸರಲ್ಲೇ ಇದೆ. ಹೀಗಾಗಿ ಇಪ್ಪತ್ತರ ಹುಡುಗಿ ಹಾಕಿಕೊಂಡರೆ ನೋಡಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ನಲವತ್ತಾದವರಿಗೆ, ಹಾಕಿಕೊಂಡರೆ ವಯಸ್ಸು ಒಪ್ಪಿಕೊಂಡಂತೆ ಎಂಬ ನಾಚಿಕೆ. ಇಂಥ ಸಾಮಾನನ್ನು ಮಾರಲು ಹೊರಟವಳು ನಾನು.

ಈ ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಮದುವೆಗೆ ಮೊದಲು. ಹತ್ತನೆಯ ಇಯತ್ತೆ ಮುಗಿಸಿ, ಅಲ್ಲಿಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದ್ದೆ. ದುಂಡಗೆ ಬರುವ ಗಾಜನ್ನು, ನೀರು ತೊಟ್ಟಿಕ್ಕುವ ಕಲ್ಲಿನ ಗಾಲಿಗೆ ಹಿಡಿದು, ಫ್ರೇಮಿನ ಆಕಾರಕ್ಕೆ ಬರುವ ತನಕ ಸವೆಸಬೇಕು. ಸ್ವಲ್ಪ ಹೆಚ್ಚು ಸವೆದರೆ ಗಾಜು ಉದುರುತ್ತದೆ, ಕಡಿಮೆಯಾದರೆ ಕೂರುವುದಿಲ್ಲ. ಅಂಗಡಿಯ ಮಾಲೀಕರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರು ಬೈಯುವವರಲ್ಲ. ನಾನು ಕೂಡಿಸಿ ಕೊಟ್ಟ ಕನ್ನಡಕವನ್ನು ಮೇಜಿನ ಗಾಜಿನ ಮೇಲೆ ಬೋರಲು ಇಟ್ಟು, ಬೆರಳ ತುದಿಯಿಂದ ಮುಟ್ಟುತ್ತಿದ್ದರು. ಅದು ಅಲುಗಾಡಿದರೆ ಮುಗಿಯಿತು. "ಪಾರ್ವತಿ, ನಾ ಚಾಳೀಸು ಕೇಳಿದ್ದೆ, ನೀ ತೊಟ್ಟಿಲಾ ಮಾಡಿ ಕೊಟ್ಟೀಯಲ್ಲ" ಎಂದು ಹಿಂದಕ್ಕೆ ತಳ್ಳುತ್ತಿದ್ದರು. ಆ ಕೋಣೆಯಲ್ಲಿ ನಾನು ಮಾಡಿದ ತೊಟ್ಟಿಲುಗಳಲ್ಲಿ ಒಂದು ಓಣಿಯ ಕೂಸುಗಳನ್ನೆಲ್ಲ ಮಲಗಿಸಬಹುದಾಗಿತ್ತು.

ಕಾಕಾ ಇನ್ನೊಂದು ಮಾತು ಹೇಳುತ್ತಿದ್ದರು. ಕನ್ನಡಕ ನಿಲ್ಲುವುದು ಮೂಗಿನ ಮೇಲಲ್ಲ, ಕಿವಿಯ ಮೇಲೆ. ಮೂಗು ಒತ್ತುತ್ತದೆ ಎಂದು ಗಿರಾಕಿ ಬಂದರೆ ಮೊದಲು ಕಿವಿಯ ಹಿಂದೆ ನೋಡು ಎನ್ನುತ್ತಿದ್ದರು. ಎಷ್ಟು ಮಷಿನ್ ಬದಲಾದರೂ ಈ ಮಾತು ಬದಲಾಗಿಲ್ಲ.

ಮದುವೆಯಾಗಿ ನವಲಗುಂದಕ್ಕೆ ಬಂದೆ. ಯಜಮಾನರದು ಬಸ್‌ಸ್ಟ್ಯಾಂಡ್ ಹತ್ತಿರ ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ಕಣ್ಣಿಗೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತರೆಂದರೆ ಪಕ್ಕದಲ್ಲಿ ಬ್ಯಾಂಡು ಬಾರಿಸಿದರೂ ತಲೆ ಎತ್ತುವವರಲ್ಲ. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಜನ ಅದರಲ್ಲೇ ವೇಳೆ ನೋಡತೊಡಗಿದರು. ರಿಪೇರಿಗೆ ಕೊಟ್ಟವರು ತಮ್ಮ ಗಡಿಯಾರವನ್ನು ಒಯ್ಯಲು ಕೂಡ ಮರೆತರು. ಗೋಡೆಯ ತುಂಬ ಸರಿಯಾದ ವೇಳೆ ತೋರಿಸುವ ಗಡಿಯಾರಗಳು, ಅವುಗಳ ಕೆಳಗೆ ಕೆಲಸವಿಲ್ಲದ ಯಜಮಾನರು.

ಕೌಂಟರಿನ ಅರ್ಧಕ್ಕೆ ಕನ್ನಡಕ ಇಡೋಣ ಎಂದು ನಾನು ಹೇಳಿದಾಗ ಅವರಿಗೆ ಬಂಡವಾಳದ ಚಿಂತೆ ಬರಲಿಲ್ಲ, ಬೇರೊಂದು ಬಂತು.

"ಗಡಿಯಾರ ಕೊಡಾಕ ಬಂದಾವ ಗಡಿಯಾರ ಬಿಚ್ಚಿ ಕೊಡ್ತಾನ. ಚಾಳೀಸಿಗೆ ಬಂದಾವ ಮುಖಾನಽ ಕೊಡ್ತಾನ. ಹೆಣಮಗಳು ಗಂಡಸರ ಕಿವಿ ಹಿಡದು ಚಾಳೀಸು ಹಾಕಿದ್ರ ಊರಾಗ ಏನಂದಾರು?"

ಮಾತು ಸುಳ್ಳಲ್ಲ. ಹುಬ್ಬಳ್ಳಿಯಲ್ಲಿ ನಾನು ಹಿಂದಿನ ಕೋಣೆಯಲ್ಲಿದ್ದವಳು. ಕೊನೆಗೆ ಒಂದು ಹಂಚಿಕೆ ಮಾಡಿಕೊಂಡೆವು. ಗಾಜು ಉಜ್ಜಿ ಕೂಡಿಸುವುದು ನಾನು, ಹೆಂಗಸರಿಗೆ ಹಾಕಿ ನೋಡುವುದು ನಾನು, ಗಂಡಸರ ಕಿವಿ ಅವರ ಪಾಲಿಗೆ. ಗಡಿಯಾರದ ಸಣ್ಣ ಸ್ಕ್ರೂ ತಿರುಗಿಸಿ ಪಳಗಿದ ಕೈಗೆ ಕನ್ನಡಕದ ಸ್ಕ್ರೂ ಎತ್ತಿನ ಬಂಡಿಯ ಕೀಲಿನಷ್ಟು ದೊಡ್ಡದಾಗಿ ಕಂಡಿತಂತೆ, ಬೇಗ ಕಲಿತರು. ಆದರೆ ಕಿವಿ ಹಿಡಿಯುವುದು ಮಾತ್ರ ಮಾಸ್ತರರಂತೆಯೇ. ಕೆಲವು ತಿಂಗಳ ಮೇಲೆ ಹಿರಿಯ ವಕೀಲರೊಬ್ಬರು, ತಮ್ಮ ಕಿವಿ ಇನ್ನೂ ಬೇಕಾಗಿದೆ, ಅಕ್ಕನವರೇ ಹಾಕಲಿ ಎಂದು ಅಂಗಡಿಯ ತುಂಬ ಜನರಿದ್ದಾಗ ಹೇಳಿಬಿಟ್ಟರು. ವಕೀಲರೇ ಹೇಳಿದ ಮೇಲೆ ಊರು ಏನೂ ಅನ್ನಲಿಲ್ಲ. ಹಂಚಿಕೆ ಅಲ್ಲಿಗೆ ಮುಗಿಯಿತು.

ಕಣ್ಣು ಪರೀಕ್ಷೆಗೆ, ಅದರಲ್ಲಿ ತರಬೇತಿ ಪಡೆದವರೊಬ್ಬರು ಸಂತೆಯ ದಿನ ಹುಬ್ಬಳ್ಳಿಯಿಂದ ಬರುತ್ತಿದ್ದರು. ಅವರು ಬಂದು ಕುಳಿತುಕೊಳ್ಳುತ್ತಿದ್ದರು, ನಾವೂ ಕುಳಿತುಕೊಳ್ಳುತ್ತಿದ್ದೆವು, ಗಿರಾಕಿ ಬರುತ್ತಿರಲಿಲ್ಲ. ಅನುಕೂಲಸ್ಥರು ಕನ್ನಡಕಕ್ಕೆ ಹುಬ್ಬಳ್ಳಿಗೇ ಹೋಗುತ್ತಿದ್ದರು. ಉಳಿದವರು ಸಂತೆಯಲ್ಲಿ ತಾಡಪತ್ರಿ ಹಾಸಿ ಮಾರುವವನ ಹತ್ತಿರ, ಬದನೆಕಾಯಿ ಆರಿಸುವಂತೆ ಒಂದೊಂದನ್ನೇ ಎತ್ತಿ ಹಾಕಿ ನೋಡಿ ತರುತ್ತಿದ್ದರು. ಆಗ ದಾರಿ ತೋರಿಸಿದವರು ಯಜಮಾನರೇ. ಸಡಿಲಾದ ಕನ್ನಡಕವನ್ನು ಪುಕ್ಕಟೆ ಬಿಗಿ ಮಾಡಿ ಕೊಡಲಾಗುವುದು ಎಂದು ಒಂದು ಫಲಕ ಬರೆಸಿ ತೂಗುಹಾಕಿದರು. ಮರುವಾರದಿಂದ ನೂಲಿನಿಂದ ಕಟ್ಟಿದ, ಮೇಣದಿಂದ ಮೆತ್ತಿದ, ಒಂದೇ ಕಾಲಿನ ಕನ್ನಡಕಗಳು ಬರತೊಡಗಿದವು. ರಿಪೇರಿ ಆಗುವ ತನಕ ಮನುಷ್ಯ ಸುಮ್ಮನೆ ಕುಳಿತಿರಲಾರ. ಎದುರಿಗೆ ಕನ್ನಡಿ ಇದೆ, ಪಕ್ಕದಲ್ಲಿ ಫ್ರೇಮುಗಳಿವೆ. ಹಾಗೇ ಒಂದನ್ನು ಎತ್ತಿ ಹಾಕಿಕೊಳ್ಳುತ್ತಾನೆ. ಈ ವ್ಯಾಪಾರದಲ್ಲಿ ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ನಾನು ಆ ಪುಕ್ಕಟೆ ಫಲಕವನ್ನೇ ತೋರಿಸುತ್ತೇನೆ.

ಆದರೂ ಹೆಂಗಸರು ಬರಲಿಲ್ಲ. ಅವರು ಬರದಿದ್ದರೆ ನಾನೇ ಹೋಗಬೇಕು ಎಂದು ಒಂದು ಮಧ್ಯಾಹ್ನ, ಹತ್ತಿರದ್ದು ಕಾಣಲು ಬೇಕಾಗುವ ಬೇರೆ ಬೇರೆ ನಂಬರಿನ ಕನ್ನಡಕಗಳನ್ನು ಚೀಲಕ್ಕೆ ಹಾಕಿಕೊಂಡು ತಿರ್ಲಾಪುರಕ್ಕೆ ಹೋದೆ. ಅಲ್ಲಿ ದ್ಯಾಮವ್ವ ಎಂಬವರ ಕಟ್ಟೆಯ ಮೇಲೆ ಹೆಂಗಸರು ಸೇರಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾರೆಂದು ಕೇಳಿದ್ದೆ. ಕಣ್ಣು ಹೇಗಿವೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ನಮಗೇನಾಗೈತ್ರಿ, ಅಗದಿ ಚೊಲೋ ಅದಾವು. ಆದರೆ ಸೂಜಿಗೆ ದಾರ ಪೋಣಿಸುವ ಹೊತ್ತು ಬಂದಾಗ, ಓಣಿಯಲ್ಲಿ ಆಡುತ್ತಿದ್ದ ಹುಡುಗಿಯರನ್ನು ಕೂಗಿ ಕರೆಯುತ್ತಿದ್ದರು. ನಾನು ದ್ಯಾಮವ್ವನ ಮೂಗಿಗೆ ಒಂದು ಕನ್ನಡಕ ಏರಿಸಿ, ಸೂಜಿ ಕೈಗೆ ಕೊಟ್ಟೆ. ದಾರ ಒಂದೇ ಸಲಕ್ಕೆ ಹೊಕ್ಕಿತು. ಹೆಂಗಸರೆಲ್ಲ ನಕ್ಕರು. ದ್ಯಾಮವ್ವ ಮಾತ್ರ ನಗಲಿಲ್ಲ. ತನ್ನ ತೊಡೆಯ ಮೇಲಿದ್ದ ಕೌದಿಯನ್ನೇ ದಿಟ್ಟಿಸುತ್ತಿದ್ದಳು. ನೇರ ಗೆರೆಯಂತಿರಬೇಕಾದ ಹೊಲಿಗೆ, ಹೊಲದಲ್ಲಿ ಇಲಿ ಓಡಿದಂತೆ ಓಡಿತ್ತು. ಅವಳು ಪಕ್ಕದಲ್ಲಿ ಕುಳಿತಿದ್ದ ನೆಗೆಣ್ಣಿಯ ಕಡೆ ತಿರುಗಿದಳು.

"ಇಷ್ಟು ದಿನಾ ಬಾಜುಕ ಕುಂತು ನೋಡಾಕತ್ತೀದಿ. ಸೊಟ್ಟ ಆಗೇತಿ ಅಂತ ಒಂದಿನಾರ ಹೇಳಬಾರದೇನಬೇ?"

"ನನಗರ ಎಲ್ಲಿ ಕಾಣತಿತ್ತವ್ವಾ" ಎಂದಳು ನೆಗೆಣ್ಣಿ.

ಅವತ್ತು ಆ ಚೀಲ ಖಾಲಿಯಾಯಿತು. ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ನಾನೇ ನಗುತ್ತಿದ್ದೆ, ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕುಳಿತರು.

ತಿರ್ಲಾಪುರದ ಗೆಲುವು ತಲೆಗೇರಿತ್ತು, ಅದನ್ನು ಇಳಿಸಿದವರು ನಮ್ಮೂರಿನ ಫಾತಿಮಾಬಿ. ನವಲಗುಂದದ ಜಮಖಾನ ನೇಯುವ ಹೆಂಗಸರಲ್ಲಿ ಅವರದು ಹೆಸರಾದ ಕೈ. ಅವರು ನೇಯ್ದ ನವಿಲು ಈಗಲೋ ಆಗಲೋ ಕಾಲು ಎತ್ತಿ ನಡೆಯುತ್ತದೆ ಎನ್ನುವಂತೆ ಇರುತ್ತಿತ್ತು. ನೂಲಿನ ಎಣಿಕೆ ತಪ್ಪುತ್ತಿದೆ, ಕೈ ಹೋಯಿತು, ಇನ್ನು ಮಗ್ಗ ಬಿಡುತ್ತೇನೆ ಎಂದು ಕುಳಿತಿದ್ದರು. ಮಗಳು ಒತ್ತಾಯ ಮಾಡಿ ಅಂಗಡಿಗೆ ಕರೆತಂದಳು. ಪರೀಕ್ಷೆ ಆಯಿತು, ಪತ್ರಿಕೆ ಓದಿಸಿ ನೋಡಿದೆವು, ಸೊಗಸಾಗಿ ಓದಿದರು, ಕನ್ನಡಕ ಮಾಡಿ ಕೊಟ್ಟೆ. ವಾರದೊಳಗೆ ಅವರೇ ಬಂದು ಅದನ್ನು ಕೌಂಟರಿನ ಮೇಲೆ ಇಟ್ಟರು.

"ಇದನ್ನ ಹಾಕ್ಕೊಂಡ್ರ ಪೇಪರ್ ಕಾಣ್ತೈತ್ರಿ, ನವಿಲು ಕಾಣಂಗಿಲ್ಲ. ನನ್ನ ಮನ್ಯಾಗ ಪೇಪರ್ ಬರಂಗಿಲ್ಲ."

ನಂಬರು ತಪ್ಪಿರಲಿಲ್ಲ. ಗಾಜು ತಪ್ಪಿರಲಿಲ್ಲ. ಎಷ್ಟು ತಿರುಗಿಸಿ ನೋಡಿದರೂ ದೋಷ ಸಿಗಲಿಲ್ಲ. ಕೊನೆಗೆ ಅವರ ಹಿಂದೆಯೇ ಮನೆಗೆ ಹೋದೆ. ಗೋಡೆಗೆ ಆನಿಸಿ ನಿಲ್ಲಿಸಿದ ಎತ್ತರದ ಮಗ್ಗ. ಅದರ ಮುಂದೆ ಅವರು ಕುಳಿತು ಕೈ ಚಾಚಿದಾಗ ತಿಳಿಯಿತು. ನಾವು ಪುಸ್ತಕ ಹಿಡಿಯುವ ದೂರಕ್ಕೆ ಕನ್ನಡಕ ಮಾಡಿದ್ದೆವು, ಅವರ ಕೆಲಸ ಒಂದು ತೋಳು ಆಚೆ ಇತ್ತು. ದರ್ಜಿಯಿಂದ ಟೇಪು ಕೇಳಿ ತಂದು, ಕಣ್ಣಿನಿಂದ ನೂಲಿನ ತನಕ ಅಳೆದೆ. ಸಂತೆಗೆ ಬಂದ ಪರೀಕ್ಷಕರಿಗೆ ಆ ಅಳತೆ ಹೇಳಿದೆ, ಅವರು ಆ ದೂರಕ್ಕೆ ಮತ್ತೆ ಪರೀಕ್ಷೆ ಮಾಡಿ ನಂಬರು ಇಳಿಸಿದರು. ಹೊಸ ಕನ್ನಡಕ ಹಾಕಿಕೊಂಡ ಫಾತಿಮಾಬಿ ಹಳೆಯ ತಪ್ಪು ಎಣಿಕೆಯ ಸಾಲುಗಳನ್ನು ಬಿಚ್ಚತೊಡಗಿದರು, ನನಗೆ ಚಹಾ ಕೊಡುವುದನ್ನೂ ಮರೆತರು. ಅದಕ್ಕಿಂತ ಒಳ್ಳೆಯ ಸತ್ಕಾರ ನನಗೆ ಯಾರೂ ಮಾಡಿಲ್ಲ.

ಅಂದಿನಿಂದ ನಾವು ಗಿರಾಕಿಯನ್ನು ಏನು ಕಾಣುವುದಿಲ್ಲ ಎಂದು ಕೇಳುವುದಕ್ಕೆ ಮೊದಲು, ಏನು ಕೆಲಸ ಮಾಡುತ್ತೀರಿ ಎಂದು ಕೇಳತೊಡಗಿದೆವು. ಬಡಗಿಗೆ ಬೇರೆ ದೂರ, ಅಕ್ಕಿ ಆರಿಸುವವರಿಗೆ ಬೇರೆ, ಮೆಣಸಿನಕಾಯಿ ತೊಟ್ಟು ಬಿಡಿಸುವವರಿಗೆ ಬೇರೆ. ಟೇಪು ಅಂಗಡಿಯಲ್ಲೇ ಉಳಿಯಿತು. ದರ್ಜಿ ಹೊಸದು ಕೊಂಡ.

ಇಷ್ಟಾದರೂ ವಯಸ್ಸಿಗೆ ಬಂದ ಹುಡುಗಿಯರ ಮಾತು ಹಾಗೆಯೇ ಇತ್ತು. ಕಾಲೇಜಿಗೆ ಹೋಗುವ ಹುಡುಗಿಯನ್ನು ತಾಯಿ ಕರೆತರುತ್ತಿದ್ದಳು, ಮನೆಯೊಳಗೆ ಹಾಕಿಕೊಳ್ಳಲು ಒಂದು ಕೊಡಿ ಎನ್ನುತ್ತಿದ್ದಳು. ಹೊರಗೆ ಹಾಕಿಕೊಂಡರೆ ವರ ಸಿಗುವುದಿಲ್ಲ ಎಂಬ ಭಯ. ನಮ್ಮ ಓಣಿಯ ಗಿರಿಜಕ್ಕನ ಮಗಳು ಸುಜಾತಾ ಅಂಥವಳು. ಬಿ.ಎಡ್. ಓದುತ್ತಿದ್ದಳು. ದೂರದ್ದು ಏನೂ ಕಾಣದು, ಕನ್ನಡಕ ತೆಗೆದರೆ ಎದುರಿಗೆ ಬರುವವರು ನೆರಳಿನಂತೆ. ವರ ನೋಡಲು ಬರುವ ವಾರ ಗಿರಿಜಕ್ಕ ಅಂಗಡಿಗೆ ಬಂದು, ವರನ ಕಡೆಯವರು ವಿಚಾರಿಸಿದರೆ ಸುಜಾತಾ ನಿಮ್ಮ ಗಿರಾಕಿ ಎಂದು ಹೇಳಬಾರದು ಎಂದು ಕೇಳಿಕೊಂಡಳು. ನಾನು ಯಾರ ಕಣ್ಣಿನ ವಿಷಯವನ್ನೂ ಯಾರಿಗೂ ಹೇಳುವವಳಲ್ಲ ಎಂದೆ.

ಮರುದಿನ ತಿರ್ಲಾಪುರದಿಂದ ದ್ಯಾಮವ್ವ ಬಂದಳು, ಅದೇ ಕೌದಿಯ ದ್ಯಾಮವ್ವ. ಅವಳ ಮಗ ಮಂಜುನಾಥನಿಗೆ ಕನ್ನಡಕ ಮಾಡಿ ಕೊಟ್ಟವಳು ನಾನೇ. ಬೀಜ, ಗೊಬ್ಬರ, ಔಷಧ ಹೊಡೆಯುವ ಪಂಪು ಮಾರುವ ಅಂಗಡಿ ಇಟ್ಟಿದ್ದ ಹುಡುಗ. ಕನ್ನಡಕ ನೋಡಿ ಒಂದು ಸಂಬಂಧ ತಿರುಗಿ ಹೋಗಿತ್ತು. ದ್ಯಾಮವ್ವ ನನ್ನ ಹತ್ತಿರ ಬಾಗಿ ದನಿ ತಗ್ಗಿಸಿದಳು. ನಿಮ್ಮ ಓಣಿಯ ಗಿರಿಜಕ್ಕನ ಮಗಳನ್ನು ನೋಡಲು ಬರುತ್ತಿದ್ದೇವೆ, ಅವರೇನಾದರೂ ವಿಚಾರಿಸಿದರೆ ಹುಡುಗನಿಗೆ ಕನ್ನಡಕ ಇರುವುದು ಹೇಳಬೇಡಿ ಎಂದಳು.

ನಾನು ಅವಳಿಗೂ ಅದೇ ಮಾತು ಕೊಟ್ಟೆ. ಅವಳು ಹೋದ ಮೇಲೆ ಯಜಮಾನರು ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು, ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹೆಣ್ಣು ತೋರಿಸುವ ದಿನ ಓಣಿಯವಳೆಂದು ನನಗೂ ಕರೆ ಬಂತು. ಒಂದು ಮೂಲೆಯಲ್ಲಿ ಕುಳಿತೆ. ಸುಜಾತಾ ಉಪ್ಪಿಟ್ಟಿನ ತಾಟು ಹಿಡಿದು, ಹೊಸ್ತಿಲು ತಡವಿಕೊಂಡು ಬಂದಳು. ಮೊದಲ ತಾಟನ್ನು ವರನಿಗೆ ಕೊಡು ಎಂದು ಹೇಳಿಕೊಟ್ಟಿದ್ದರು. ಅವಳು ಸೀದಾ ಹೋಗಿ ವರನ ಸೋದರಮಾವನ ಮುಂದೆ ಇಟ್ಟು, ತಲೆ ಬಾಗಿಸಿ ನಿಂತಳು. ಮೀಸೆ ಬೆಳ್ಳಗಾದ ಮನುಷ್ಯ ಅವರು, ಹುಡುಗಿ ತನ್ನನ್ನೇ ಒಪ್ಪಿದಂತಿದೆ ಎಂದು ನಗಾಡಿದರು. ಅತ್ತ ಮಂಜುನಾಥ, ಹುಡುಗಿಯನ್ನು ಸರಿಯಾಗಿ ನೋಡಪ್ಪಾ ಎಂದು ಹಿರಿಯರು ಹೇಳಿದಾಗ, ಬಾಗಿಲ ಹತ್ತಿರ ನಿಂತಿದ್ದ ಸುಜಾತಾಳ ಚಿಕ್ಕಮ್ಮನನ್ನು ಭಕ್ತಿಯಿಂದ ನೋಡುತ್ತಿದ್ದ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಸಂಜೆಗೆ ಎರಡೂ ಕಡೆಯಿಂದ ಒಪ್ಪಿಗೆ ಬಂತು. ಆಗ ನನ್ನ ನಗು ನಿಂತಿತು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಹೂಂ ಎಂದಿದ್ದಾರೆ. ಮುಂದೆ ಒಂದು ದಿನ ಕನ್ನಡಕ ಹೊರಗೆ ಬಂದೇ ಬರುತ್ತದೆ. ಆಗ ಮೋಸ ಮಾಡಿದರು ಎಂದು ಇವರೂ ಅಂದರೆ, ಅವರೂ ಅಂದರೆ? ಇಬ್ಬರ ಗುಟ್ಟೂ ನನ್ನ ಬಾಯಲ್ಲಿತ್ತು, ಮಾತು ಕೊಟ್ಟ ಬಾಯಿ ಅದು. ಎರಡು ದಿನ ಊಟ ರುಚಿಸಲಿಲ್ಲ. ನಾವು ಚಾಳೀಸು ಮಾರುವವರು, ಸಂಬಂಧ ಕೂಡಿಸುವವರಲ್ಲ ಎಂದು ಯಜಮಾನರು ಸಮಾಧಾನ ಹೇಳಿದರು.

ಮೂರನೆಯ ದಿನ ಸುಜಾತಾಳೇ ಅಂಗಡಿಗೆ ಬಂದಳು. ಕನ್ನಡಕ ಹಾಕಿಕೊಂಡಿದ್ದಳು, ಕಣ್ಣು ಅತ್ತು ಕೆಂಪಾಗಿದ್ದವು.

"ಅಕ್ಕಾರ, ಹುಡುಗನ ಮುಖಾನಽ ನಾ ನೋಡಿಲ್ಲ. ಕರೀ ಅಂಗಿ ಹಾಕ್ಕೊಂಡಿದ್ದ ಅನ್ನೋದಷ್ಟ ಗೊತ್ತು. ಹೂಂ ಅಂತ ಹೇಳೇನಿ. ಈಗ ಏನ್ ಮಾಡ್ಲಿ?"

ಅವನ ವಿಷಯ ನಾನು ಹೇಳುವಂತಿರಲಿಲ್ಲ. ಆದರೆ ಅವಳ ವಿಷಯ ಅವಳು ಹೇಳಬಹುದಲ್ಲ.

"ನಿನ್ನ ಕಣ್ಣು ನಿನ್ನವು ತಂಗಿ. ಹೇಳೋದೂ ಬಿಡೋದೂ ನಿನಗ ಸೇರಿದ್ದು. ನಿಮ್ಮವ್ವನ್ನ ಕೇಳಬ್ಯಾಡ, ನನ್ನನ್ನೂ ಕೇಳಬ್ಯಾಡ" ಎಂದೆ.

ಅವಳು ಅಲ್ಲಿಯೇ ನಿಂತು ಮಂಜುನಾಥನಿಗೆ ಫೋನ್ ಮಾಡಿದಳು. ನನಗೆ ದಪ್ಪ ಗಾಜಿನ ಕನ್ನಡಕ ಇದೆ, ಅಂದು ತೆಗೆದಿಟ್ಟು ಬಂದಿದ್ದೆ, ನಿಮ್ಮನ್ನು ನೋಡಿಯೇ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು. ಆಮೇಲೆ ಫೋನಿನೊಳಗಿಂದ ನಗು ಕೇಳಿಸಿತು, ನನಗೂ ಕೇಳಿಸುವಷ್ಟು ದೊಡ್ಡ ನಗು. ನಾನೂ ನಿಮ್ಮನ್ನು ನೋಡಿಲ್ಲ ಎಂದನಂತೆ.

ಮರುದಿನ ಇಬ್ಬರೂ ನಮ್ಮ ಅಂಗಡಿಯಲ್ಲೇ ಭೇಟಿಯಾದರು, ಕನ್ನಡಕ ಹಾಕಿಕೊಂಡು. ಯಜಮಾನರು ಯಾವುದೋ ಗಡಿಯಾರ ಬಿಚ್ಚಿಕೊಂಡರು, ನಾನು ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದೆ. ಅವರಿಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಮಂಜುನಾಥ, "ಅವತ್ತಿಂದು ಕರೀ ಅಂಗಿ ಅಲ್ರಿ, ನೀಲಿ" ಎಂದ. ಸುಜಾತಾ ನಕ್ಕಳು. ಎರಡನೆಯ ಸಲದ ಒಪ್ಪಿಗೆ ಬಂದದ್ದು ಅಲ್ಲಿ.

ಗಿರಿಜಕ್ಕ ಸಿಟ್ಟಿನಿಂದ ಅಂಗಡಿಗೆ ಬಂದಳು, ನಾನು ಬಾಯಿ ಬಿಟ್ಟಿರಬೇಕು ಎಂದು ಅವಳ ಅನುಮಾನ. ಸುಜಾತಾಳೇ ಹೇಳಿದ್ದು ಎಂದು ತಿಳಿದ ಮೇಲೆ, ಇನ್ನು ವರನ ತಾಯಿಗೆ ಹೇಗೆ ಮುಖ ತೋರಿಸಲಿ ಎಂದು ಕುಸಿದು ಕುಳಿತಳು. ದ್ಯಾಮವ್ವನೇ ಬಂದು ಅವಳನ್ನು ಎಬ್ಬಿಸಿದಳು.

"ಇಬ್ಬರೂ ಮುಚ್ಚಿಟ್ಟಿದ್ದು ಒಂದಽ ಸಾಮಾನು. ಇದಕ್ಕಿಂತ ಚೊಲೋ ಜೋಡಿ ಎಲ್ಲಿ ಹುಡುಕೂಣು ಹೇಳಕ್ಕಾ" ಎಂದಳು.

ಮದುವೆಯಲ್ಲಿ ಇಬ್ಬರೂ ಕನ್ನಡಕ ಹಾಕಿಕೊಂಡರು. ಅದಕ್ಕೆ ನಾನು ಪಟ್ಟ ಪಾಡು ಬೇರೆಯೇ. ಬಾಸಿಂಗ ಕಟ್ಟಿದರೆ ಕನ್ನಡಕ ಕೆಳಗೆ ಜಾರುತ್ತಿತ್ತು, ಅರಿಶಿನ ಹಚ್ಚಿದ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಹಗುರಾದ ಫ್ರೇಮು ತರಿಸಿ, ಕಿವಿಯ ಹಿಂದಿನ ಬಾಗು ಹೆಚ್ಚಿಸಿ, ಬಾಸಿಂಗದ ದಾರದ ಕೆಳಗೆ ಸೇರಿಸಿದೆ. ಅಕ್ಕಿಕಾಳು ಬೀಳುವಾಗ ಉಳಿದ ಮದುಮಕ್ಕಳೆಲ್ಲ ಕಣ್ಣು ಮುಚ್ಚುತ್ತಾರೆ, ಇವರಿಬ್ಬರೂ ಗಾಜಿನ ಹಿಂದೆ ನಿಶ್ಚಿಂತೆಯಿಂದ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಆ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ, ಅಣ್ಣಿಗೇರಿ, ಕುಂದಗೋಳ ಎಲ್ಲ ಸುತ್ತಿತು. ಆಮೇಲೆ ತಾಯಂದಿರು ಹೆಣ್ಣುಮಕ್ಕಳ ಕೈ ಹಿಡಿದು ಬಂದರು. ಮನೆಯೊಳಗಿನದು ಕೊಡಿ ಎನ್ನುತ್ತಿರಲಿಲ್ಲ, ಸುಜಾತಾ ಮದುವೆಯಲ್ಲಿ ಹಾಕಿಕೊಂಡಂಥದು ಕೊಡಿ ಎನ್ನುತ್ತಿದ್ದರು. ನಮ್ಮ ಅಂಗಡಿ ತನ್ನ ಕಾಲ ಮೇಲೆ ನಿಂತದ್ದು ಆ ಹಂಗಾಮಿನಲ್ಲಿ. ಗಡಿಯಾರಗಳು ಒಂದು ಗೋಡೆಗೆ ಸರಿದವು, ಉಳಿದದ್ದೆಲ್ಲ ಕನ್ನಡಕಕ್ಕೆ.

ಲಾಭದ ಬಗ್ಗೆ ನನಗೆ ತಿಳಿದದ್ದು ಇಷ್ಟೇ. ನೂರು ನಮೂನೆ ಫ್ರೇಮು ಇಟ್ಟು ಧೂಳು ಒರೆಸುವುದಕ್ಕಿಂತ, ನಿಮ್ಮೂರಿನ ಮೂಗಿಗೆ ಒಪ್ಪುವ ಕೆಲವನ್ನು ಇಟ್ಟು ಮತ್ತೆ ಮತ್ತೆ ತರಿಸಿರಿ. ಹೊಲದಲ್ಲಿ ಬೆವರುವವರಿಗೆ ಬಣ್ಣ ಬಿಡುವ ಫ್ರೇಮು ಕೊಡಬೇಡಿರಿ, ಅವರು ಬಿಟ್ಟುಹೋದರೆ ಅವರ ಜೊತೆ ಅವರ ಊರೂ ಹೋಗುತ್ತದೆ. ಕಣ್ಣಿಗೆ ಪೊರೆ ಬಂದವರಿಗೆ ಕನ್ನಡಕ ಮಾರಬೇಡಿರಿ, ಆಸ್ಪತ್ರೆಯ ದಾರಿ ತೋರಿಸಿರಿ. ಅವರು ಆಪರೇಷನ್ ಮುಗಿಸಿ ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಗಾಜು ಹೋಗಿ ಪ್ಲಾಸ್ಟಿಕ್ ಬಂತು, ಕಲ್ಲಿನ ಗಾಲಿ ಹೋಗಿ ತಾನೇ ಅಳೆದು ತಾನೇ ಸವೆಸುವ ಮಷಿನ್ ಬಂತು. ಈಗ ಜನ ಮೊಬೈಲಿನಲ್ಲೇ ಕನ್ನಡಕ ತರಿಸುತ್ತಾರೆ. ಬಂದದ್ದು ಕಿವಿಗೆ ಕೂರುವುದಿಲ್ಲ, ಆಗ ನಮ್ಮಲ್ಲಿಗೆ ತರುತ್ತಾರೆ. ಯಜಮಾನರು ಬೇಸರವಿಲ್ಲದೆ, ಪುಕ್ಕಟೆಯಾಗಿಯೇ, ಬಾಗಿಸಿ ಕೊಡುತ್ತಾರೆ. ಮುಂದಿನ ಸಲ ಅವರು ಇಲ್ಲಿಯೇ ಮಾಡಿಸುತ್ತಾರೆ.

ಅಂಗಡಿಯನ್ನು ಈಗ ನೋಡಿಕೊಳ್ಳುವವಳು ನನ್ನ ತಂಗಿಯ ಮಗಳು ವೀಣಾ. ಕಣ್ಣು ಪರೀಕ್ಷೆಯ ಕೋರ್ಸು ಓದಿ ಬಂದವಳು. ಬಂದ ಹೊಸದರಲ್ಲಿ ಅವಳು ಕಪಾಟು ಸರಿಸಿದಳು, ಕನ್ನಡಿ ಬದಲಿಸಿದಳು, ನಾನು ಹಲ್ಲು ಕಚ್ಚಿ ಸಹಿಸಿಕೊಂಡೆ. ಬಿಟ್ಟುಕೊಟ್ಟೆ ಎಂದು ಹೇಳಿದ ಮೇಲೂ ದಿನವೂ ಹೋಗಿ ಕೌಂಟರಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ನಾನಿಲ್ಲದಿದ್ದರೆ ಹಳೆಯ ಗಿರಾಕಿಗಳು ತಿರುಗಿ ಹೋದಾರು ಎಂದು ನನ್ನ ಲೆಕ್ಕ.

ಒಂದು ದಿನ ನಿವೃತ್ತ ಪೋಸ್ಟ್‌ಮಾಸ್ತರರೊಬ್ಬರು ಬಂದರು. ನನ್ನನ್ನು ಬಿಟ್ಟು ಬೇರೆ ಯಾರಿಗೂ ತಮ್ಮ ಮೂಗು ಮುಟ್ಟಗೊಡದಿದ್ದವರು ಅವರು. ನಾನು ಏಳಲು ಹೊರಟೆ. ಅವರು ಆರಾಮಾಗಿ ನಮಸ್ಕಾರ ಮಾಡಿ, ಮೊಣಕಾಲಿನ ನೋವು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ನನ್ನನ್ನು ದಾಟಿ ಒಳಗೆ ಇಣುಕಿದರು.

"ಮಗಳು ಅದಾಳೇನ್ರಿ? ಹ್ವಾದ ಸಲ ನೀವು ಇರಲಾರದಾಗ ಭಾಳ ಸಮಾಧಾನದಿಂದ ನೋಡಿದ್ಲು. ಆಕಿ ಕಡೇನಽ ತೋರಸ್ತೀನಿ. ನೀವು ಕುಂದರ್ರಿ" ಎಂದರು.

ಎದೆಯಲ್ಲಿ ಒಂದು ಸಣ್ಣ ಮುಳ್ಳು ಆಡಿದಂತಾಯಿತು. ಪರದೆಯ ಆ ಕಡೆ ವೀಣಾ ಅವರನ್ನು ಕೂರಿಸಿಕೊಂಡು, ಈಗ ಹೊತ್ತು ಹೇಗೆ ಕಳೆಯುತ್ತೀರಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳುತ್ತಿದ್ದಳು. ಅವರು ಮೊಮ್ಮಗಳ ಜೊತೆ ಕೇರಂ ಆಡುವುದನ್ನು ಹೇಳುತ್ತಿದ್ದರು. ಬೋರ್ಡು ಎಷ್ಟು ದೂರ ಇರುತ್ತದೆ, ಕೈ ಚಾಚಿ ತೋರಿಸಿ ಎಂದಳು. ಮುಳ್ಳು ತಾನಾಗಿಯೇ ಬಿದ್ದುಹೋಯಿತು. ನಾನು ಎದ್ದು, ಕುರ್ಚಿಯನ್ನು ಗಿರಾಕಿಗಳು ಕೂರುವ ಸಾಲಿಗೆ ಸರಿಸಿ, ಊಟಕ್ಕೆ ಮನೆಗೆ ಹೊರಟೆ.

ಊಟ ಮಾಡಿ ಮಲಗಿದೆ. ಮದುವೆಯಾದಾಗಿನಿಂದ ಹಗಲು ಹೊತ್ತು ಮಲಗಿದವಳಲ್ಲ, ಆದರೆ ಕಣ್ಣು ತಾವಾಗಿಯೇ ಮುಚ್ಚಿದವು. ಎಷ್ಟೋ ಹೊತ್ತಿನ ಮೇಲೆ ಫೋನ್ ಬಂತು. ವೀಣಾ. ಮೂಗಿಗೆ ಒತ್ತುವ ಸಣ್ಣ ಪ್ಯಾಡುಗಳ ಡಬ್ಬಿ ಎಲ್ಲಿದೆ ದೊಡ್ಡಮ್ಮಾ ಎಂದು ಕೇಳಿದಳು. ಅದು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಹುಡುಕವ್ವಾ, ಅಲ್ಲೇ ಎಲ್ಲೋ ಇರ್ತೈತಿ" ಎಂದು ಹೇಳಿ, ಮಗ್ಗುಲು ಬದಲಿಸಿ ಮತ್ತೆ ಮಲಗಿದೆ.